ಜಾಡಿಯ ಬಿರುಕು

ಉಪ್ಪಿನಕಾಯಿ ಜಾಡಿ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡದ ಹೆಂಗಸನ್ನು ನಾನು ಕಂಡಿಲ್ಲ. ಠಣ್ ಎಂದರೆ ಗಟ್ಟಿ. ದನಿ ಒಡೆದರೆ ಎಲ್ಲೋ ಬಿರುಕು. ಆದರೆ ಕೊಳ್ಳುವವಳ ಕೈಗೆ ಜಾಡಿಯೇ ಸಿಗದಿದ್ದರೆ?

ನಗೋಯಾದಲ್ಲಿದ್ದ ಮಗಳು ಊರಿಗೆ ಮರಳುವ ಮೊದಲು ಮನೆಸಾಮಾನುಗಳನ್ನು ಒಂದೊಂದಾಗಿ ಮಾರುತ್ತಿದ್ದಳು. ಜಪಾನಿನಲ್ಲಿ 2013ರಲ್ಲಿ ಶುರುವಾದ ಮೆರ್ಕಾರಿ ಎಂಬ ಆ್ಯಪ್ ಇದೆ. ಬಳಸಿದ ವಸ್ತುವಿನ ಫೋಟೋ ಹಾಕಿ ಬೆಲೆ ಬರೆದರಾಯಿತು. ಹಣ ಮಾತ್ರ ಕೂಡಲೇ ಕೈ ಸೇರದು. ಕೊಂಡವರು ಬಿಚ್ಚಿ ನೋಡಿ ಸರಿಯಿದೆ ಎಂದ ಮೇಲೆಯೇ ಬಿಡುಗಡೆ.

ಅವಳ ಬಳಿ ಕೈಯಿಂದ ಮಾಡಿದ, ಕಂದುಬಣ್ಣದ ತೊಕೊನಾಮೆ ಜಾಡಿಯೊಂದಿತ್ತು. ತೊಕೊನಾಮೆ ನಗೋಯಾಕ್ಕೆ ಹತ್ತಿರದ ಕುಂಬಾರರ ಊರು; ಜಪಾನಿನ ಆರು ಪುರಾತನ ಆವಿಗೆಗಳಲ್ಲಿ ಒಂದೆಂದು ಹೆಸರಾದದ್ದು. ನೀರು, ಮಿಸೋ, ಉಪ್ಪು ಹಾಕಿದ ಉಮೆ ಹಣ್ಣು, ಇವನ್ನೆಲ್ಲ ಇಂಥ ಜಾಡಿಗಳಲ್ಲೇ ತುಂಬಿಡುತ್ತಿದ್ದರು. ಈಗ ಮುದುಕರು ತೀರಿಕೊಂಡ ಮನೆಗಳಿಂದ ಅವು ಹೊರಬರುತ್ತವೆ. 2023ರ ಸಮೀಕ್ಷೆಯಂತೆ ಆ ದೇಶದಲ್ಲಿ ಖಾಲಿ ಮನೆಗಳೇ ಸುಮಾರು 90 ಲಕ್ಷ! ಮಗಳೂ ಅದನ್ನು ಹಳೇ ಸಾಮಾನಿನ ಅಂಗಡಿಯಿಂದಲೇ ತಂದಿದ್ದಳು.

ಅಷ್ಟು ದಿನ ಅಕ್ಕಿ ತುಂಬಿಟ್ಟವಳು, ಮಾರುವ ಮುನ್ನ ರಾತ್ರಿ ನೀರು ತುಂಬಿಟ್ಟಳಂತೆ. ಬೆಳಿಗ್ಗೆ ಕೆಳಗೆಲ್ಲ ತೇವ. ತಳದಲ್ಲಿ ಕೂದಲೆಳೆಯಷ್ಟು ಸೀಳು, ಫೋಟೋದಲ್ಲಿ ಕಾಣದು.

"ಅಮ್ಮಾ, ಬರೀಲಾ?" ಎಂದು ಫೋನಿನಲ್ಲಿ ಕೇಳಿದಳು.

ಇಪ್ಪತ್ತೈದು ವರ್ಷ ಮಕ್ಕಳಿಗೆ ಪುಣ್ಯಕೋಟಿಯ ಕಥೆ ಹೇಳಿದ ನನ್ನ ಬಾಯಲ್ಲಿ ಬಂದ ಮಾತು ಇದು: "ಕೇಳಿದರೆ ಹೇಳು. ನಿನಗೇನು ಅಂಗಡಿಯವನು ಹೇಳಿದ್ದನೇ?"

ಫೋನಿಟ್ಟ ಮೇಲೆ ನನಗೆ ನಾನೇ ವಕೀಲಿಕೆ ನಡೆಸಿದೆ. ಬಿರುಕನ್ನೇ ಚೆಲುವೆನ್ನುವ ಜನ ಅವರು. ಟೋಕಿಯೋದ ಗೋತೋ ವಸ್ತುಸಂಗ್ರಹಾಲಯದಲ್ಲಿ ಇಗಾ ಮಣ್ಣಿನ ಜಲಪಾತ್ರೆಯೊಂದಿದೆ. ಚಹಾ ಸಮಾರಂಭದಲ್ಲಿ ತಣ್ಣೀರು ಇಡುವಂಥದ್ದು. ಹೆಸರು 'ಯಾಬುರೆಬುಕುರೊ', ಎಂದರೆ ಹರಿದ ಚೀಲ. ಆವಿಗೆಯಲ್ಲೇ ಬಾಯಿಬಿಟ್ಟ ದೊಡ್ಡ ಸೀಳು ಅದರ ಮೈಮೇಲಿದೆ. ಸರ್ಕಾರ ಅದನ್ನು ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಸಾರಿದೆ. ಹಾಗಿರುವಾಗ ನಮ್ಮದೊಂದು ಕೂದಲೆಳೆ ದೊಡ್ಡದೇ?

ಆದರೆ ಆ ಸೀಳು ಎಲ್ಲರ ಕಣ್ಣೆದುರಿಗಿದೆ, ಅದನ್ನು ನೋಡಿಯೇ ಜನ ಮೆಚ್ಚಿದ್ದು. ನಮ್ಮದನ್ನು ಕಂಡವರು ನಾವಿಬ್ಬರೇ. ಇನ್ನು 'ಕೇಳಿದರೆ ಹೇಳು' ಎಂಬುದು. ಬಡಿದು ನೋಡಲಾಗದವಳು ಏನೆಂದು ಕೇಳಿಯಾಳು? ಬಿಚ್ಚಿ ನೋಡಿದಾಗಲೂ ಅವಳಿಗೆ ಎಲ್ಲ ಸರಿಯಾಗಿಯೇ ಕಂಡೀತು. ಉಮೆಗೆ ಉಪ್ಪು ಹಾಕಿ, ರಸ ಬಿಟ್ಟ ಮೇಲೆ ತಾನೇ ಗೊತ್ತಾಗುವುದು! ನಮ್ಮತ್ತೆಯವರ ಜಾಡಿ ಒಮ್ಮೆ ಹೀಗೆಯೇ ಸೋರಿ ವರ್ಷದ ಮಿಡಿಯೆಲ್ಲ ಹಾಳಾಗಿತ್ತು. ಅವರು ಎರಡು ದಿನ ಯಾರೊಡನೆಯೂ ಮಾತಾಡಿರಲಿಲ್ಲ.

ಮತ್ತೆ ಫೋನು ಮಾಡಿದೆ. ಅವಳು ಆಗಲೇ ಬರೆದಾಗಿತ್ತು: 'ತಳದಲ್ಲಿ ಸೀಳಿದೆ, ನೀರು ನಿಲ್ಲದು, ಒಣ ಧಾನ್ಯಕ್ಕೆ ಆಗಬಹುದು.' ಒದ್ದೆ ಕಾಗದದ ಮೇಲೆ ಜಾಡಿ ಇಟ್ಟ ಫೋಟೋ ಬೇರೆ!

ಮೂರನೆಯ ದಿನ ಯಾರೋ ಕೊಡೆ ಇಡಲೆಂದು ಕೊಂಡರಂತೆ, ಅರ್ಧ ಬೆಲೆಗೆ. ಕೇಳಿ ನನಗೆ ಕೊಂಚ ಹೊಟ್ಟೆ ಉರಿದದ್ದೂ ನಿಜ.