ದಾಸೋಹವೂ ದ್ಯೂತಾತಿಥ್ಯವೂ

ಅನ್ನವಿಡುವ ಕೈಗಳೆಲ್ಲವೂ ಒಂದೇ ಬಗೆಯವಲ್ಲ. ಹಸಿದವನ ಎಲೆಗೆ ಅನ್ನವಿಕ್ಕುವ ಕೈಯೂ ಉಂಟು. ಗಾಳದ ಕೊಕ್ಕೆಗೆ ಎರೆಹುಳುವನ್ನು ಸಿಕ್ಕಿಸುವ ಕೈಯೂ ಉಂಟು. ಉಣ್ಣುವವನಿಂದ ಎರಡು ಕೈಗಳೂ ಹಣ ಕೇಳುವುದಿಲ್ಲವಾದುದರಿಂದ ಹೊರನೋಟಕ್ಕೆ ಎರಡೂ ದಾನವೆಂದೇ ತೋರಬಹುದು. ಭೇದವಿರುವುದು ಕೊಡುವವನ ಸಂಕಲ್ಪದಲ್ಲಿ. ಮೊದಲನೆಯವನು ಉಂಡವನು ಬದುಕಲೆಂದು ಕೊಡುತ್ತಾನೆ. ಎರಡನೆಯವನು ಉಂಡವನು ತನ್ನ ಪಾಲಾಗಲೆಂದು ಕೊಡುತ್ತಾನೆ. ಈ ಭೇದವನ್ನರಿಯುವ ಬುದ್ಧಿ ಮೀನಿಗಿಲ್ಲ, ಮನುಷ್ಯನಿಗುಂಟು. ಆ ಬುದ್ಧಿಯನ್ನು ಬಳಸಬೇಕಾದ ಪ್ರಸಂಗವು ಈಗ ಮಲೆನಾಡಿನ ಗೃಹಸ್ಥರ ಮನೆಬಾಗಿಲಿಗೇ ಬಂದಿದೆ.

ಸಕಲೇಶಪುರ ಮತ್ತು ಆಲೂರಿನ ಗುಡ್ಡಗಾಡಿನಲ್ಲಿ ಒಕ್ಕಲು ಮಾಡುವವನ ಕೈಗೆ ಹಣವು ತಿಂಗಳು ತಿಂಗಳು ಬರುವುದಿಲ್ಲ. ಕಾಫಿ ಹಣ್ಣನ್ನು ಕುಯ್ದು, ಕಣದಲ್ಲಿ ಒಣಗಿಸಿ, ಚೀಲಕ್ಕೆ ತುಂಬಿ ಮಾರಿದ ಮೇಲೆ, ಮೆಣಸನ್ನು ಬಿಡಿಸಿದ ಮೇಲೆ, ಶುಂಠಿಯನ್ನು ಕಿತ್ತು ಕಳುಹಿದ ಮೇಲೆ, ವರ್ಷದ ಹಣವು ಒಮ್ಮೆಗೇ ಕೈಸೇರುತ್ತದೆ. ಮುಂದಿನ ವರ್ಷದ ಗೊಬ್ಬರ, ಆಳುಗಳ ಕೂಲಿ, ಬ್ಯಾಂಕಿನ ಸಾಲ, ಮಕ್ಕಳ ವಿದ್ಯಾಭ್ಯಾಸ, ಮಗಳ ಮದುವೆ ಎಲ್ಲವೂ ಆ ಒಂದು ಗಂಟಿನೊಳಗೇ ಅಡಗಿರುತ್ತವೆ. 2024-25ರ ಹಂಗಾಮಿನಲ್ಲಿ ಕಾಫಿಯ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದಾಗ ಆ ಗಂಟು ಹಲವರ ಮನೆಗಳಲ್ಲಿ ದೊಡ್ಡದಾಯಿತು. ಗಂಟು ದೊಡ್ಡದಾದೆಡೆಗೆ ಕರೆಯೋಲೆಯೂ ಬರುತ್ತದೆ.

ಯುಗಾದಿಯ ಹೊಸತೊಡಕಿನ ದಿನ ಜಗಲಿಯ ಮೇಲೆ ಇಸ್ಪೀಟೆಲೆ ಹರಡುವ ಚಾಳಿ ಈ ಸೀಮೆಗೆ ಹೊಸದಲ್ಲ. ಅದು ಕೂಡ ದೋಷವೇ; ಆದರೆ ಅಲ್ಲಿ ಆಡುವವರೆಲ್ಲರೂ ಊರಿನವರು, ಸೋತವನ ಮುಖವನ್ನು ಗೆದ್ದವನು ಮರುದಿನ ಬಾವಿಯ ಬಳಿ ಕಾಣಲೇಬೇಕು. ಈಗಿನ ಕರೆಯೋಲೆಯಾದರೋ ದೂರದಿಂದ ಬರುತ್ತದೆ. ಗೋವೆಯ ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ನಿಂತಿರುವ ಹಡಗುಗಳಲ್ಲಿ ಕ್ಯಾಸಿನೊ ಎಂಬ ದ್ಯೂತಗೃಹಗಳಿವೆ. 1976ರ ಅಲ್ಲಿಯ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ ಅವಕಾಶ ದೊರೆಯಿತು; 1996ರಲ್ಲಿ ಹಡಗಿನ ಮೇಲಿನ ಆಟಗಳಿಗೂ ದಾರಿ ತೆರೆಯಿತು. ಪ್ರವೇಶದ ಹಣ ಕೊಟ್ಟವನಿಗೆ ಊಟ, ಪಾನೀಯ, ಆಡಿಯೇ ಮುಗಿಸಬೇಕಾದ ಕೆಲವು ಬಿಲ್ಲೆಗಳು ದೊರೆಯುತ್ತವೆ. ಹೆಚ್ಚು ಹಣವನ್ನು ಪಣಕ್ಕೊಡ್ಡುವವನಿಗೆ ಹೋಟೆಲಿನ ಕೊಠಡಿ, ಕೆಲವರಿಗೆ ಪ್ರಯಾಣದ ವೆಚ್ಚ ಕೂಡ ಉಚಿತವೆನ್ನುತ್ತಾರೆ. ಶಿರಾಡಿ ಘಾಟಿಯನ್ನಿಳಿದು ಕರಾವಳಿಯ ಹೆದ್ದಾರಿಯನ್ನು ಹಿಡಿದರೆ ಒಂದು ಹಗಲಿನ ದಾರಿ. ಹೋಗಿಬಂದವನು “ಕೊಠಡಿಗೆ ಒಂದು ಕಾಸೂ ಕೊಡಲಿಲ್ಲ” ಎಂದು ಹೆಮ್ಮೆಯಿಂದ ಹೇಳುತ್ತಾನೆ. ಕೇಳಿದವನಿಗೆ ತಾನೂ ಹೋಗಬೇಕೆನಿಸುತ್ತದೆ. ಹೀಗೆ ಕಾಸು ಕೊಡದೆ ಪಡೆದ ಕೊಠಡಿಯು ಶರಣಮಾರ್ಗದಲ್ಲಿ ನಡೆಯುವವನಿಗೆ ಗ್ರಾಹ್ಯವೋ ತ್ಯಾಜ್ಯವೋ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ಈ ಆತಿಥ್ಯದ ಲೆಕ್ಕವನ್ನು ತಿಳಿಯಬೇಕು. ಚಕ್ರದ ಜೂಜನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಚಕ್ರದಲ್ಲಿ 1ರಿಂದ 36ರವರೆಗಿನ ಅಂಕೆಗಳೂ ಒಂದು ಸೊನ್ನೆಯೂ ಸೇರಿ 37 ಮನೆಗಳಿರುತ್ತವೆ. ಒಂದು ಅಂಕೆಯ ಮೇಲೆ ಹಣವಿಟ್ಟು ಗೆದ್ದವನಿಗೆ ನ್ಯಾಯವಾಗಿ 36 ಪಟ್ಟು ಲಾಭ ಸಲ್ಲಬೇಕು. ಸಲ್ಲುವುದು 35 ಪಟ್ಟು ಮಾತ್ರ. ಆ ಒಂದು ಪಟ್ಟಿನ ಕೊರತೆಯೇ ಮನೆಯವನ ಬೆಳೆ. ಇಟ್ಟ ಹಣದಲ್ಲಿ ಸರಾಸರಿ 37ನೆಯ ಒಂದು ಪಾಲು, ಎಂದರೆ ನೂರಕ್ಕೆ 2.7ರಷ್ಟು, ಆಟದ ಕಟ್ಟಳೆಯಿಂದಲೇ ಅವನಿಗೆ ಸೇರುತ್ತದೆ. ಎರಡು ಸೊನ್ನೆಗಳಿರುವ ಚಕ್ರದಲ್ಲಿ ಅದು ನೂರಕ್ಕೆ 5.26ರಷ್ಟಾಗುತ್ತದೆ. ಇದರಲ್ಲಿ ಮೋಸವೂ ಬೇಕಿಲ್ಲ, ಮಂತ್ರವೂ ಬೇಕಿಲ್ಲ, ಗಣಿತವೇ ಸಾಕು.

ಒಬ್ಬ ಗೃಹಸ್ಥನು ಸುತ್ತಿಗೆ 2,000 ರೂಪಾಯಿಯಂತೆ, ಗಂಟೆಗೆ 40 ಸುತ್ತಿನಂತೆ, ಐದು ಗಂಟೆಗಳ ಕಾಲ ಆಡಿದನೆಂದು ಭಾವಿಸಿದರೆ, 200 ಸುತ್ತುಗಳಲ್ಲಿ ಅವನು ಒಡ್ಡಿದ ಪಣ ಒಟ್ಟು 4,00,000 ರೂಪಾಯಿ. ಅದರಲ್ಲಿ ಮನೆಯವನು ನಿರೀಕ್ಷಿಸುವ ಪಾಲು ಸುಮಾರು 10,800 ರೂಪಾಯಿ. ಎರಡು ಸೊನ್ನೆಗಳ ಚಕ್ರವಾದರೆ 21,000ಕ್ಕೂ ಹೆಚ್ಚು. ಅತಿಥಿಯು ಎಷ್ಟು ಇಡುತ್ತಾನೆ, ಎಷ್ಟು ಹೊತ್ತು ಕೂರುತ್ತಾನೆ ಎಂಬುದನ್ನು ದೊಡ್ಡ ದ್ಯೂತಗೃಹಗಳು ಬರೆದಿಟ್ಟುಕೊಳ್ಳುತ್ತವೆ. ಆ ನಿರೀಕ್ಷಿತ ಪಾಲಿನಲ್ಲಿ ಒಂದಂಶವನ್ನು ತೆಗೆದು ಕೊಠಡಿಯಾಗಿ, ಊಟವಾಗಿ, ಪ್ರಯಾಣವಾಗಿ ಅವನಿಗೇ ಮರಳಿಸುತ್ತವೆ. ಮೂರನೆಯ ಒಂದಂಶವನ್ನು ಮರಳಿಸಿದರೆಂದಿಟ್ಟುಕೊಂಡರೂ ಅದು 3,600 ರೂಪಾಯಿ. ಎಂದಮೇಲೆ ಉಚಿತವೆನಿಸಿದ ಕೊಠಡಿಗೆ ಅತಿಥಿಯು ಬಾಡಿಗೆಯ ಮೂರರಷ್ಟನ್ನು ತೆರಬಲ್ಲವನೆಂದು ಎಣಿಸಿದ ಮೇಲೆಯೇ ಅದರ ಬಾಗಿಲು ತೆರೆಯಿತು.

ಇಂಥ ಆತಿಥ್ಯ ಇಂದಿನದಲ್ಲ. ಭಾರತದ ಸಭಾಪರ್ವದಲ್ಲಿ ಧೃತರಾಷ್ಟ್ರನು ಹೊಸ ಸಭೆಯನ್ನು ಕಟ್ಟಿಸಿ, ಮನಸ್ಸಿಲ್ಲದ ವಿದುರನನ್ನೇ ಕರೆಯಲು ಕಳುಹಿಸುತ್ತಾನೆ. ಪಾಂಡವರು ಹಸ್ತಿನಾವತಿಗೆ ಬಂದ ದಿನವೇ ಪಗಡೆಯನ್ನು ಹಾಸಲಿಲ್ಲ. ಆ ದಿನ ಸತ್ಕಾರ, ಮೃಷ್ಟಾನ್ನ, ಮೆತ್ತನೆಯ ಹಾಸಿಗೆ, ಇಂಪಾದ ಗಾನ. ಮರುದಿನ ಬೆಳಗ್ಗೆ ದ್ಯೂತ. ಆ ಒಂದು ರಾತ್ರಿಯ ಹಾಸಿಗೆಗೆ ಧರ್ಮರಾಯನು ತೆತ್ತ ಬೆಲೆ ಎಷ್ಟೆಂಬುದನ್ನು ಮನೆಮನೆಯ ಮಕ್ಕಳೂ ಬಲ್ಲರು. ರಾಜ್ಯ ಹೋಯಿತು, ತಮ್ಮಂದಿರು ಹೋದರು, ಕಡೆಗೆ ಆಟದಲ್ಲಿ ಸೇರದೆ ಒಳಗಿದ್ದ ಹೆಣ್ಣುಮಗಳೊಬ್ಬಳು ಸಭೆಗೆ ಎಳೆದುತರಲ್ಪಟ್ಟಳು. ಜೂಜಿನಲ್ಲಿ ಆಡುವವನು ಒಬ್ಬ, ಸೋಲುವವರು ಹಲವರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಲ್ಲಿ ಕೆಲವು ಶಂಕೆಗಳು ಹುಟ್ಟುತ್ತವೆ. “ಅತಿಥಿಸತ್ಕಾರವನ್ನು ನಿರಾಕರಿಸುವುದು ಅವಿನಯವಲ್ಲವೆ?” ಎಂಬುದು ಮೊದಲನೆಯದು. ಅತಿಥಿಯ ಕ್ಷೇಮವನ್ನು ಬಯಸುವಲ್ಲಿ ಮಾತ್ರ ಅದು ಸತ್ಕಾರ. ಗೋವೆಯ ಸರ್ಕಾರವು 2020ರ ಫೆಬ್ರವರಿಯಿಂದ ತನ್ನ ನಿವಾಸಿಗಳು ಈ ದ್ಯೂತಗೃಹಗಳಲ್ಲಿ ಆಡಕೂಡದೆಂದು ವಿಧಿಸಿತು. ಸಿಂಗಪುರದಲ್ಲಿ ಸ್ವದೇಶದವರು ಒಳಹೋಗಬೇಕಾದರೆ ದಿನಕ್ಕೆ 100 ಡಾಲರ್ ತೆರಬೇಕಾಗಿತ್ತು. 2019ರಲ್ಲಿ ಅದನ್ನು 150ಕ್ಕೆ ಏರಿಸಿದರು. ಪರದೇಶದವರಿಗೆ ಆ ಸುಂಕವಿಲ್ಲ. ಸ್ವಂತ ಮಕ್ಕಳ ಎಲೆಗೆ ಬಡಿಸಲಂಜುವ ಅಡುಗೆಯನ್ನು ನೆರೆಯೂರಿನವರಿಗೆ ಬಡಿಸುವುದು ಸತ್ಕಾರವೆನಿಸುವುದಾದರೂ ಹೇಗೆ? ಅದನ್ನು ಒಲ್ಲೆನೆಂದವನು ಅವಿನೀತನಲ್ಲ, ವಿವೇಕಿ.

“ಆಡುವುದು ಅಲ್ಪ, ಪಡೆಯುವುದು ಅಧಿಕ, ಜಾಣನಾದವನು ಕೊಠಡಿಯನ್ನು ಅನುಭವಿಸಿ, ನಾಲ್ಕು ಬಿಲ್ಲೆಯನ್ನಿಟ್ಟು ಎದ್ದುಬಂದರೆ ನಷ್ಟವೇನು?” ಎಂಬುದು ಎರಡನೆಯ ಶಂಕೆ. ಈ ಶಂಕೆಗೆ ಎರಡು ಸಮಾಧಾನಗಳಿವೆ. ಒಂದು, ಹಂಗೆಂಬುದು ಕಾಣದ ಹಗ್ಗ. ಉಂಡು ಮಲಗಿ ಎದ್ದವನಿಗೆ ಹತ್ತು ನಿಮಿಷದಲ್ಲಿ ಪಣದ ಮೇಜನ್ನು ಬಿಟ್ಟೇಳಲು ನಾಚಿಕೆಯಾಗುತ್ತದೆ. ಮನೆಯವನು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಅತಿಥಿಯ ಸಂಕೋಚವೇ ಅವನ ಪರವಾಗಿ ಕೇಳುತ್ತದೆ. ಮುಂದಿನ ಬಾರಿ ಇದಕ್ಕಿಂತ ದೊಡ್ಡ ಕೊಠಡಿ ಬೇಕೆಂದರೆ ದೊಡ್ಡ ಪಣವನ್ನೇ ಒಡ್ಡಬೇಕು. ಎರಡು, ಆ ಜಾಣನು ಗೆದ್ದನೆಂದೇ ಒಪ್ಪಿದರೂ ಅವನು ಮಲಗಿದ ಹಾಸಿಗೆಯ ಬೆಲೆಯನ್ನು ತೆತ್ತವನು ಮತ್ತೊಬ್ಬನು. ಅದೇ ರಾತ್ರಿ ಅದೇ ಮೇಜಿನಲ್ಲಿ ಆಳುಗಳ ಕೂಲಿಯನ್ನು ಸೋತ ಒಬ್ಬ ಕೃಷಿಕ, ಬ್ಯಾಂಕಿಗೆ ಕಟ್ಟಬೇಕಾದ ಕಂತನ್ನು ಸೋತ ಒಬ್ಬ ವ್ಯಾಪಾರಿ, ತಾಯಿಯ ಔಷಧದ ಹಣವನ್ನು ಸೋತ ಒಬ್ಬ ಮಗ ಇಂಥವರ ನಷ್ಟದಿಂದಲೇ ಆ ಕೊಠಡಿಯ ದೀಪ ಉರಿಯುತ್ತದೆ. ದ್ಯೂತಗೃಹವು ಒಂದು ಕಾಳನ್ನೂ ಬೆಳೆಯುವುದಿಲ್ಲ, ಒಂದು ಮೊಳ ಬಟ್ಟೆಯನ್ನೂ ನೇಯುವುದಿಲ್ಲ. ಅದು ಕೊಡುವುದೆಲ್ಲವೂ ಒಬ್ಬನಿಂದ ಕಿತ್ತು ಮತ್ತೊಬ್ಬನಿಗೆ ನೀಡಿದ್ದು. ತಾನು ಸೋಲಲಿಲ್ಲವೆಂದು ಹಿಗ್ಗುವ ಜಾಣನು ಸೋತವನ ಎಲೆಯಿಂದ ಉಂಡವನು.

ಈ ಸ್ಥಳದಲ್ಲಿ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಸ್ಮರಿಸಬೇಕು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಬಡತನದ ಮನೆ, ಹೆಚ್ಚು ಬಂದುದಕ್ಕೆ ಹೆಂಡತಿ ಹಿಗ್ಗಬೇಕಾಗಿತ್ತು. ಲಕ್ಕಮ್ಮ ಹಿಗ್ಗಲಿಲ್ಲ. ಇದು ಕಾಯಕಕ್ಕೆ ಸಲ್ಲುವ ಅಳತೆಯಲ್ಲವೆಂದು ಕಂಡು, ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳುಹಿಸಿದಳು. ಆ ಅಕ್ಕಿ ಬಿದ್ದಿದ್ದುದು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ. ಅಲ್ಲಿ ಕಪಟವಿರಲಿಲ್ಲ, ಗಾಳವಿರಲಿಲ್ಲ. ಆದರೂ ದುಡಿಮೆಯನ್ನು ಮೀರಿದ ಹಿಡಿ ಅಕ್ಕಿ ಆ ತಾಯಿಗೆ ಬೇಡವಾಯಿತು. ಮಹಾಮನೆಯ ಶುದ್ಧವಾದ ಅಕ್ಕಿಯೇ ಹೆಚ್ಚಾದರೆ ತ್ಯಾಜ್ಯವೆಂದಾದ ಮೇಲೆ, ಪರರ ಸೋಲಿನಿಂದ ಬಂದ ಭೋಗದ ಮಾತೇನೆಂಬುದು ಕೈಮುತಿಕನ್ಯಾಯದಿಂದಲೇ ಸಿದ್ಧವಾಗುತ್ತದೆ.

“ಗೆದ್ದ ಹಣದಲ್ಲಿ ಮಠಕ್ಕೆ ಕಾಣಿಕೆ ಸಲ್ಲಿಸಿದರೆ, ಜಂಗಮದಾಸೋಹಕ್ಕೆ ಅಕ್ಕಿ ಕೊಡಿಸಿದರೆ ದೋಷ ತೊಳೆಯದೆ?” ಎಂಬುದು ಮೂರನೆಯ ಶಂಕೆ, ಇದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಶರಣರು ದಾಸೋಹವನ್ನು ಕಾಯಕದ ಬೆನ್ನಲ್ಲಿಟ್ಟರು. ಕಾಯಕವಿಲ್ಲದ ಧನವು ಎಷ್ಟು ದೊಡ್ಡ ರಾಶಿಯಾದರೂ ಲಿಂಗಕ್ಕೆ ಸಲ್ಲುವ ಪದಾರ್ಥವಾಗಲಾರದು, ಅರ್ಪಿತವಾಗದುದು ಪ್ರಸಾದವಾಗಲಾರದು. ಪಂಚಾಚಾರಗಳಲ್ಲಿ ಸದಾಚಾರವೆಂಬುದು ನ್ಯಾಯವಾದ ಗಳಿಕೆಯನ್ನೇ ವಿಧಿಸುತ್ತದೆ. ಕೊಳಕು ನೀರನ್ನು ತುಂಬಿದ ಕೊಡದ ಮೇಲೆ ಹೂವನ್ನಿಟ್ಟ ಮಾತ್ರಕ್ಕೆ ಅದು ಅಭಿಷೇಕಕ್ಕೆ ಯೋಗ್ಯವಾಗುವುದೆ? ಈ ವಿಚಾರವು ಭಕ್ತರಿಗೆ ಮಾತ್ರವಲ್ಲ, ಕಾಣಿಕೆಯನ್ನು ಸ್ವೀಕರಿಸುವ ಮಠಗಳಿಗೂ ಅನ್ವಯಿಸುತ್ತದೆ. ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮುನ್ನ ಆ ಹಣ ಯಾವ ಬೆವರಿನದೆಂದು ಕೇಳುವ ಧೈರ್ಯವು ಮಠದಲ್ಲಿದ್ದರೆ, ಮಠವೂ ಲಕ್ಕಮ್ಮನ ಮನೆಯಾಗುತ್ತದೆ.

ಶಾಸನದ ಮಾತನ್ನೂ ಒಂದಿಷ್ಟು ನೋಡಬೇಕು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯಿದೆಯು ಜೂಜುಕಟ್ಟೆ ನಡೆಸುವುದನ್ನು ಅಪರಾಧವೆಂದು ಸಾರಿತು. 2007ರಲ್ಲಿ ಲಾಟರಿಯೂ ನಿಂತಿತು. ಕೈಯಲ್ಲಿನ ದೂರವಾಣಿಯಲ್ಲಿಯೇ ಮೊದಲ ಪ್ರವೇಶಕ್ಕೆ ಉಡುಗೊರೆಯ ಹಣ ತೋರಿಸಿ ಎಳೆಯರನ್ನು ಎಳೆದುಕೊಳ್ಳುತ್ತಿದ್ದ ಹಣದ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೆ ಒಂದು ಸೀಮೆಯಲ್ಲಿ ಅಪರಾಧವಾದುದು ಗಡಿಯಾಚೆ ವ್ಯಾಪಾರವಾಗಿರುವಾಗ ಶಾಸನವೊಂದನ್ನೇ ನಂಬಿ ಕುಳಿತುಕೊಳ್ಳುವಂತಿಲ್ಲ. ಶಾಸನವು ತಡೆದುದನ್ನು ಬಿಡುವುದು ಪ್ರಜೆಯ ಧರ್ಮ. ಶಾಸನವು ಬಿಟ್ಟುದನ್ನೂ ವಿವೇಚಿಸಿ ಹಿಡಿಯುವುದು ಭಕ್ತನ ಧರ್ಮ. ಗಡಿಯನ್ನು ದಾಟಿದೊಡನೆ ಕೊರಳಿನ ಲಿಂಗ ಬೇರೆಯಾಗುವುದಿಲ್ಲ.

ಗೃಹಸ್ಥನು ಭೋಗವನ್ನೆಲ್ಲ ತೊರೆಯಬೇಕೆಂದು ಶರಣರು ಹೇಳಲಿಲ್ಲ. ವರ್ಷವಿಡೀ ಮಳೆಯಲ್ಲಿ ನೆನೆದು, ಜಿಗಣೆಗೆ ರಕ್ತ ಕೊಟ್ಟು, ಆನೆಯ ಭಯದಲ್ಲಿ ತೋಟ ಕಾದವನು ಸುಗ್ಗಿಯಾದ ಮೇಲೆ ಹೆಂಡತಿಮಕ್ಕಳೊಡನೆ ಸಮುದ್ರವನ್ನು ನೋಡಿಬರಲಿ. ತನ್ನ ದುಡಿಮೆಯ ಹಣ ಕೊಟ್ಟು ಒಳ್ಳೆಯ ಕೊಠಡಿಯಲ್ಲಿಯೇ ತಂಗಲಿ. ಹಣ ಕೊಟ್ಟು ಮಲಗಿದವನಿಗೆ ಯಾರ ಹಂಗೂ ಇಲ್ಲ. ಬೆಳಗ್ಗೆ ತನಗೆ ಬೇಕಾದ ಹೊತ್ತಿಗೆ ಎದ್ದು ಬರಬಹುದು. ಉಚಿತವೆಂಬ ಕರೆ ಬಂದಾಗ ಮಾತ್ರ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಇದನ್ನು ಕೊಡುವವನು ಪ್ರತಿಯಾಗಿ ಬಯಸುವುದೇನು? ಇದರ ಬೆಲೆಯನ್ನು ನಿಜವಾಗಿ ತೆತ್ತವರು ಯಾರು? ಮನೆಯವಳ ಮುಂದೆ ಇದನ್ನು ಇದ್ದದ್ದು ಇದ್ದಂತೆ ಹೇಳಲು ಸಾಧ್ಯವೆ? ಮೂರನೆಯ ಪ್ರಶ್ನೆಗೆ ನಾಲಗೆ ತಡವರಿಸಿದರೆ ಮೊದಲೆರಡಕ್ಕೆ ಉತ್ತರ ಹುಡುಕಬೇಕಾಗಿಲ್ಲ. ಮನೆಯ ತಾಯಂದಿರೂ ಗಂಡ ತಂದುದನ್ನು ಮಡಿಲಿಗೆ ಹಾಕಿಕೊಳ್ಳುವ ಮುನ್ನ ಎಲ್ಲಿಂದ ತಂದಿರೆಂದು ಕೇಳಲಿ. ಕೇಳುವ ಹಕ್ಕನ್ನು ಲಕ್ಕಮ್ಮ ಅವರಿಗೆ ಎಂಟುನೂರು ವರ್ಷಗಳ ಹಿಂದೆಯೇ ಕೊಟ್ಟುಹೋಗಿದ್ದಾಳೆ.

ನಿಜವಾದ ಆತಿಥ್ಯವನ್ನು ಕಾಣಲು ಮಲೆನಾಡಿನವರು ದೂರ ಹೋಗಬೇಕಾಗಿಯೂ ಇಲ್ಲ. ಮುಂಗಾರಿನ ರಾತ್ರಿ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಕಟ್ಟಿದಾಗ, ಗುರುತಿಲ್ಲದ ದಾರಿಗರನ್ನು ಒಳಗೆ ಕರೆದು, ಒಲೆಯ ಬಳಿ ಕೂರಿಸಿ, ಬಿಸಿ ಕಾಫಿಯನ್ನೂ ಅಕ್ಕಿರೊಟ್ಟಿಯನ್ನೂ ಕೊಟ್ಟು, ಒಣಗಿದ ಕಂಬಳಿಯನ್ನು ಹಾಸುವ ಮನೆಗಳು ಈ ಗುಡ್ಡಗಳ ನಡುವೆ ಇವೆ. ಆ ಮನೆಯವರು ದಾರಿಗರು ಎಷ್ಟು ಹೊತ್ತು ಕುಳಿತರೆಂದು ಬರೆದಿಡುವುದಿಲ್ಲ. ಬೆಳಗಾಗಿ ದಾರಿ ತೆರೆದೊಡನೆ ಸುಖವಾಗಿ ಹೋಗಿಬನ್ನಿರೆಂದು ಕಳುಹುತ್ತಾರೆ. ಅತಿಥಿಯು ಹೊರಟುಹೋದುದಕ್ಕೆ ಸಂತೋಷಪಡಬಲ್ಲವನೇ ದಾಸೋಹಿ. ಅತಿಥಿಯು ಏಳದಿರಲೆಂದು ಹಾರೈಸುವವನು ಯಾರೆಂಬುದನ್ನು ಸದ್ಭಕ್ತರು ಅರಿತು ನಡೆಯುವರಾಗಲಿ.