ರಾತ್ರಿಯ ಗುಳಿಗೆಯೂ ಶ್ರಾವಕನ ವ್ರತವೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಮನೆಯ ನೆಮ್ಮದಿಯು ಮಳೆಗೂ ಧಾರಣೆಗೂ ಕಟ್ಟುಬಿದ್ದಿರುತ್ತದೆ. ಹೂಮಳೆ ತಪ್ಪಿದರೆ ಬೆಳೆಗಾರನಿಗೆ ಚಿಂತೆ. ಕೊಂಡಿಟ್ಟ ಸರಕಿನ ಧಾರಣೆ ಕುಸಿದರೆ ವ್ಯಾಪಾರಿಗೆ ಚಿಂತೆ. ಇಂತಹ ಚಿಂತೆಯು ಕಾಲಕ್ರಮದಲ್ಲಿ ಕಳೆಯುವುದೇ ವಾಡಿಕೆ. ಆದರೆ ಕೆಲವರಲ್ಲಿ ಅದು ಕಳೆಯುವುದಿಲ್ಲ. ಹಸಿವು ಅಡಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ. ಬಸದಿಯ ದರ್ಶನದಲ್ಲಿಯೂ ಕಣದ ಲೆಕ್ಕದಲ್ಲಿಯೂ ಆಸಕ್ತಿ ಉಳಿಯುವುದಿಲ್ಲ. ಮನೆಯವರು ಗ್ಯಾಸ್ಟ್ರಿಕ್ ಎಂದು ಭಾವಿಸಿ ಕಷಾಯ ಕೊಡುತ್ತಾರೆ. ತಿಂಗಳುಗಳ ಅನಂತರ ವೈದ್ಯರು ಇದು ಖಿನ್ನತೆಯೆಂಬ ರೋಗವೆಂದು ಗುರುತಿಸಿ, ಮಲಗುವಾಗ ಸೇವಿಸತಕ್ಕ ಗುಳಿಗೆಯನ್ನು ಬರೆದುಕೊಡುತ್ತಾರೆ. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ವ್ರತಧಾರಿಯು ಅದನ್ನು ನುಂಗಬಹುದೇ? ಧರ್ಮಸಂಕಟವಿರುವುದು ಇಲ್ಲಿ.

ಹೊಟ್ಟೆ, ನಿದ್ರೆ, ಮನಸ್ಸು ಇವು ಬೇರೆ ಬೇರೆ ಖಾತೆಗಳಲ್ಲ. ಕರುಳಿನ ಗೋಡೆಯಲ್ಲಿ 10 ಕೋಟಿಗೂ ಮಿಕ್ಕ ನರಕೋಶಗಳಿವೆ. ವೇಗಸ್ ಎಂಬ ನರವು ಕರುಳಿನ ಸುದ್ದಿಯನ್ನು ಮೆದುಳಿಗೂ ಮೆದುಳಿನ ಆಜ್ಞೆಯನ್ನು ಕರುಳಿಗೂ ಒಯ್ಯುತ್ತದೆ. ಆದುದರಿಂದ ಮನಸ್ಸು ಕುಗ್ಗಿದಾಗ ಜೀರ್ಣಕ್ರಿಯೆ ಕೆಡಬಹುದು. ಬಹುಕಾಲ ಹೊಟ್ಟೆ ಕೆಟ್ಟವನ ಮನಸ್ಸೂ ಕುಗ್ಗಬಹುದು. ನಿದ್ರಾಭಂಗವು ಎರಡನ್ನೂ ಉಲ್ಬಣಗೊಳಿಸುತ್ತದೆ. ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ ರೋಗದಲ್ಲಿ ಕೆಲವು ರಾತ್ರಿಗಳ ನಿದ್ದೆಗೇಡೇ ಉನ್ಮಾದವನ್ನು ಕೆರಳಿಸಬಲ್ಲದು. ಕಾಫಿ ಸೀಮೆಯವರು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ದೇಹ ಸೇರಿದ ಕೆಫೀನಿನ ಅರ್ಧಭಾಗ ಕಳೆಯಲು ಸಾಮಾನ್ಯವಾಗಿ 5 ಗಂಟೆ ಬೇಕು. ಸಂಜೆ 5ರ ಕಾಫಿ ರಾತ್ರಿ 10ಕ್ಕೂ ಕೆಲಸ ಮಾಡುತ್ತಿರುತ್ತದೆ. ಹಗಲಿನಲ್ಲೇ ಊಟ ಮುಗಿಸುವ ನಿಯಮವು ಎದೆಯುರಿಯುಳ್ಳವರಿಗೆ ಹಿತವೆಂಬುದು ನಿಜ. ಆದರೆ ವ್ರತದ ಗುರಿ ಅಹಿಂಸೆ. ಆರೋಗ್ಯವು ಅದರ ಉಪಫಲ ಮಾತ್ರ. ವ್ರತವೊಂದೇ ಖಿನ್ನತೆಗೆ ಔಷಧವಾಗಲಾರದು.

ಇದೆಲ್ಲ ಕರ್ಮೋದಯ, ಔಷಧದಿಂದೇನು ಎನ್ನುವವರುಂಟು. ಶೋಕ, ಅರತಿಗಳನ್ನು ಮೋಹನೀಯ ಕರ್ಮದಲ್ಲಿಯೂ, ನಿದ್ರೆಯನ್ನು ದರ್ಶನಾವರಣೀಯದಲ್ಲಿಯೂ ಶಾಸ್ತ್ರಕಾರರು ಎಣಿಸಿರುವುದು ದಿಟ. ಆದರೆ ಕಾಲು ಮುರಿದ ನೋವೂ ಅಸಾತಾ ವೇದನೀಯದ ಉದಯವೇ; ಅದಕ್ಕೆ ಪಟ್ಟಿ ಕಟ್ಟಬಾರದೆಂದು ಯಾರೂ ಹೇಳುವುದಿಲ್ಲ. ಔಷಧವು ನಿಮಿತ್ತ. ಅದನ್ನು ನಿರಾಕರಿಸುವುದು ಧರ್ಮವಾಗಿದ್ದರೆ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವಿರುತ್ತಿರಲಿಲ್ಲ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸುತ್ತಲೂ ಇರಲಿಲ್ಲ. ತನ್ನಲ್ಲಾಗಲಿ ಪರರಲ್ಲಾಗಲಿ ದುಃಖ, ಶೋಕಗಳನ್ನು ಉಂಟುಮಾಡುವುದು ಅಸಾತಾ ವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ತಿಳಿಸುತ್ತದೆ. ಖಿನ್ನನಾದವನಿಗೆ ‘ನಿನ್ನ ಶ್ರದ್ಧೆ ಸಾಲದು’ ಎಂದು ಚುಚ್ಚುವವನು ಯಾವ ಕರ್ಮವನ್ನು ಕಟ್ಟಿಕೊಳ್ಳುತ್ತಾನೆಂಬುದನ್ನು ಇದರಿಂದ ಅರಿಯಬಹುದು.

ಹಾಗಾದರೆ ವ್ರತದ ಗತಿ ಏನು? ಮೊದಲು ವೈದ್ಯರಿಗೆ ವ್ರತವನ್ನು ತಿಳಿಸಬೇಕು. ಅನೇಕ ಔಷಧಗಳ ಹೊತ್ತನ್ನು ಸೂರ್ಯಾಸ್ತಕ್ಕೆ ಮುಂಚಿತವಾಗಿ ಬದಲಿಸಲು ಸಾಧ್ಯವಿದೆ. ತೂಕಡಿಕೆ ತರುವ ಕೆಲವನ್ನು ಬದಲಿಸಲಾಗದು. ಆಗ ವ್ರತವಿತ್ತ ಗುರುಗಳ ಮುಂದೆ ಸಂಗತಿಯನ್ನು ಅರಿಕೆಮಾಡಿಕೊಳ್ಳುವುದು ಮಾರ್ಗ. ವ್ರತ ಸ್ವೀಕರಿಸುವಾಗಲೇ ನೀರು, ಔಷಧಗಳನ್ನು ಹೊರತುಪಡಿಸಿಕೊಳ್ಳುವ ಗೃಹಸ್ಥರು ಅನೇಕರಿದ್ದಾರೆ. ಗುಳಿಗೆ ನುಂಗಿ ಪ್ರತಿಕ್ರಮಣ ಮಾಡಿಕೊಳ್ಳುವವನು ವ್ರತವನ್ನು ಗೌರವಿಸಿದವನೇ. ಯಾರಿಗೂ ತಿಳಿಸದೆ ಗುಳಿಗೆ ಬಿಡುವುದು ಮಾತ್ರ ಸಲ್ಲದು. ರೋಗವು ಮರುಕಳಿಸಿದಾಗ ಜೀವಕ್ಕೇ ಸಂಚಕಾರ ಬರಬಹುದು. ಹಾಗೆಯೇ ಲಿಥಿಯಂ ಸೇವಿಸುವವರು ದಶಲಕ್ಷಣ ಪರ್ವದಲ್ಲಿ ನಿರ್ಜಲ ಉಪವಾಸ ಮಾಡಿದರೆ, ದೇಹದ ನೀರು ತಗ್ಗಿ ರಕ್ತದಲ್ಲಿ ಔಷಧದ ಪ್ರಮಾಣವು ಅಪಾಯದ ಮಟ್ಟಕ್ಕೇರಬಹುದು. ಷೋಡಶ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ಅನುಸಾರವಾಗಿ ಎಂದೇ ಹೇಳಿದೆ. ರೋಗಿಯ ಶಕ್ತಿಯನ್ನು ಅಳೆಯದೆ ಅವನಿಗೆ ತಪಸ್ಸನ್ನು ವಿಧಿಸಲಾಗದು.

ಬಸದಿಗಳ ಆಡಳಿತ ಮಂಡಳಿಗಳು ಔಷಧದಾನದ ನಿಧಿಯಲ್ಲಿ ಮನೋರೋಗದ ಔಷಧಕ್ಕೂ, ದೂರದ ಎಸ್ಟೇಟಿನಿಂದ ಆಸ್ಪತ್ರೆಗೆ ಬರುವವರ ಬಸ್ ಖರ್ಚಿಗೂ ಪಾಲು ತೆಗೆದಿಡುವುದು ಉಚಿತ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ನ್ನು ಬಸದಿಯ ಸೂಚನಾ ಫಲಕದಲ್ಲಿ ಬರೆಯಿಸಲು ಖರ್ಚಿಲ್ಲ. ರೋಗಿಯ ಸೇವೆಯಾದ ವೈಯಾವೃತ್ತ್ಯವು ಅಂತರಂಗ ತಪಸ್ಸುಗಳಲ್ಲಿ ಒಂದು. ನಿದ್ರೆಯಿಲ್ಲದವನ ಪಕ್ಕದಲ್ಲಿ ಕುಳಿತು, ಹೊತ್ತಿಗೆ ಸರಿಯಾಗಿ ಗುಳಿಗೆಯನ್ನು ಕೈಗಿಡುವ ಮನೆಯವರು ಆ ತಪಸ್ಸನ್ನೇ ಆಚರಿಸುತ್ತಿದ್ದಾರೆ.