ಹುಟ್ಟಿಗೆ ಅಂಟಿಸಿದ ಅಪರಾಧ

ತಾಯಿಯ ಮಡಿಲಿನಿಂದ ಅಗಲಿಸಿದ ಮಗುವಿಗೆ ಲೋಕ ಸಲ್ಲಿಸಬೇಕಾದ ಋಣ ಯಾವುದು? ಕನಿಕರ ಅದರ ಮೊದಲ ಕಂತು ಮಾತ್ರ. ಆ ಮಗು ಏನು ಕಂಡಿತು, ಏನು ಮಾಡಿತು ಎಂಬುದನ್ನು ಅದರ ಹೆಸರಿನಲ್ಲೇ ಉಳಿಸುವುದು ನಿಜವಾದ ಸಂದಾಯ. ಪಶ್ಚಿಮ ಆಸ್ಟ್ರೇಲಿಯಾದ ಕ್ಯಾರೊಲಪ್ ನೆಲೆಯಲ್ಲಿ ಸರ್ಕಾರ ಇರಿಸಿದ್ದ ನೂಂಗಾರ್ ಮೂಲನಿವಾಸಿ ಮಕ್ಕಳು, 1946ರಲ್ಲಿ ಬಂದ ನೋಯೆಲ್ ವೈಟ್ ಎಂಬ ಶಿಕ್ಷಕರ ಪ್ರೋತ್ಸಾಹದಿಂದ ತಮ್ಮ ನೆಲದ ಮರಗಳನ್ನೂ ಪ್ರಾಣಿಗಳನ್ನೂ ಸಂಜೆಯ ಬಾನನ್ನೂ ಚಿತ್ರಿಸಿದರು. ಅಮೆರಿಕದ ಕೋಲ್ಗೇಟ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಮರೆಯಾಗಿದ್ದ ಆ ಚಿತ್ರಗಳು 2013ರಲ್ಲಿ ಪರ್ತ್‌ಗೆ ಮರಳಿದವು. ರೆವೆಲ್ ಕೂಪರ್, ಪಾರ್ನೆಲ್ ಡೆಂಪ್‌ಸ್ಟರ್ ಎಂಬ ಹೆಸರುಗಳು ಇಂದು ಕಲಾವಿದರ ಹೆಸರುಗಳಾಗಿ ಉಳಿದಿವೆ.

ಗದಗ ಜಿಲ್ಲೆಯ ಮುಂಡರಗಿಯ ಜನಕ್ಕೆ ಇದು ಪರದೇಶದ ಕಥೆಯಲ್ಲ. ಬ್ರಿಟಿಷ್ ಆಡಳಿತದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬಗೆಯಿತು. 1897ರ ತಿದ್ದುಪಡಿ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವ ಅಧಿಕಾರ ಕೊಟ್ಟಿತು; 1911ರ ಕಾಯ್ದೆ ಅದನ್ನು ಉಳಿಸಿಕೊಂಡಿತು. ಮುಂಬಯಿ ಪ್ರಾಂತ್ಯ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಇಂಥ ಸಮುದಾಯಗಳನ್ನು ಕಾವಲಿನಲ್ಲಿ ಇರಿಸುವ ಸೆಟ್ಲಮೆಂಟುಗಳನ್ನು ತೆರೆಯಿತು. ಗಂಟಿಚೋರ, ಹರಣಶಿಕಾರಿ ಮೊದಲಾದ ಸಮುದಾಯಗಳು ಈ ಕಾಯ್ದೆಯ ಹಿಡಿತದಲ್ಲಿ ನಲುಗಿದವು.

ಹಾಗಾದರೂ ಆ ಮಕ್ಕಳಿಗೆ ಅಕ್ಷರ ಸಿಕ್ಕಿತಲ್ಲ ಎನ್ನುವವರಿದ್ದಾರೆ. ಅಕ್ಷರ ದೊಡ್ಡದು, ನಿಜ. ಆದರೆ ಅದನ್ನು ಕೊಡಲು ತಾಯಿಯನ್ನು ಕಸಿಯಬೇಕಿರಲಿಲ್ಲ. ಒಬ್ಬ ಶಿಕ್ಷಕನ ಪ್ರೀತಿ ಕಾಯ್ದೆಯ ಕ್ರೌರ್ಯಕ್ಕೆ ಸಮರ್ಥನೆಯಾಗದು. ಕ್ಯಾರೊಲಪ್‌ನ ಚಿತ್ರಗಳ ಚೆಲುವು ಮಕ್ಕಳದು, ವ್ಯವಸ್ಥೆಯದಲ್ಲ. ಎಲ್ಲವೂ ಪೂರ್ವಕರ್ಮ ಎಂಬ ಸಮಾಧಾನವೂ ಇಲ್ಲಿ ನಿಲ್ಲದು. ಮಾಡಿದವರ ಪಾಪ ಮಾಡಿದವರಿಗೆ ಎನ್ನುವುದೇ ಕರ್ಮದ ನ್ಯಾಯ. ಕಾಯ್ದೆ ಆ ನ್ಯಾಯವನ್ನೂ ಮುರಿದು, ಏನೂ ಮಾಡದ ಕೂಸಿನ ಮೇಲೆ ಕಳವು ಹೊರಿಸಿತು. ಕಳ್ಳನಾಗಿದ್ದನೆಂದು ಹೇಳಲಾಗುವ ಉರಿಲಿಂಗಪೆದ್ದಿಯನ್ನೇ ಶರಣರು ತಮ್ಮವನೆಂದು ಅಪ್ಪಿಕೊಂಡ ನಾಡಿನಲ್ಲಿ ಇದು ನಡೆಯಿತು.

ಹಳೆಯ ಗಾಯ ಕೆದಕಿದರೆ ಕಳಂಕ ಮತ್ತೆ ಅಂಟುತ್ತದೆ ಎಂಬ ಅಂಜಿಕೆ ಆ ಸಮುದಾಯಗಳೊಳಗೂ ಇರಬಹುದು, ಅದನ್ನು ಗೌರವಿಸಬೇಕು. ಆದರೆ 1952ರಲ್ಲಿ ಕಾಯ್ದೆ ರದ್ದಾದ ಮೇಲೂ ಅನುಮಾನದ ಕಣ್ಣು ಮುಚ್ಚಲಿಲ್ಲ. ಮರೆವು ಕಳಂಕವನ್ನು ತೊಳೆಯಲಿಲ್ಲ. ಅನ್ಯಾಯ ಮಾಡಿದವರನ್ನಷ್ಟೇ ಕಾಪಾಡಿತು. ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ಆ ಮನೆತನಗಳೇ ತೀರ್ಮಾನಿಸಲಿ. ಅವರು ಒಪ್ಪಿದರೆ ಹಿರಿಯರ ಹಾಡು, ಕಥೆ, ಕೌದಿಯ ಹೊಲಿಗೆಯನ್ನು ಮಾಡಿದವರ ಹೆಸರಿನೊಂದಿಗೆ ದಾಖಲಿಸುವ ಹೊಣೆಯನ್ನು ಗದಗ ಜಿಲ್ಲೆಯ ಶಾಲೆ, ಮಠ, ಗ್ರಂಥಾಲಯಗಳು ಹೊರಬೇಕು. ಆ ಹಾಡು, ಕಥೆಗಳನ್ನು ಕೇಳಿಸಿಕೊಂಡವರು ಇನ್ನೂ ಇರುವಾಗಲೇ ಈ ಕೆಲಸ ಆಗಲಿ.